ಅಗಿಯೋಳು

ನಮ್ಮ ಮನೆಯಲ್ಲಿ ಮುದ್ದೆ ಅಗಿಯುವವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಸೇರಿಸುತ್ತಿರಲಿಲ್ಲ. ಮದ್ದೂರಿನಿಂದ ಆತಗೂರಿಗೆ ಹೋಗುವ ಗಾಡಿದಾರಿಯ ಪಕ್ಕದ ಊರು ನಮ್ಮದು. ಅಲ್ಲಿ ಮುದ್ದೆಯನ್ನು ಮುರಿದು, ಬೆರಳ ತುದಿಯಲ್ಲಿ ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡರೆ ಅದು ಹಲ್ಲಿಗೆ ಸೋಕದೆ ಗಂಟಲಿಗೆ ಇಳಿಯಬೇಕು. ಹಲ್ಲಿಗೆ ಸೋಕಿತೋ, ಅಂಟಿತು. ಅಂಟಿದ್ದನ್ನು ನಾಲಿಗೆಯಲ್ಲಿ ಕೆರೆದುಕೊಳ್ಳುತ್ತ ಕೂತವರು ಪೇಟೆಯವರು, ಅವರ ಜೊತೆ ಮಾತೇನು ಎಂಬ ಧೋರಣೆ. ಹಾಲುಹಲ್ಲಿನ ಮಕ್ಕಳಿಗೆ ನುಂಗುವುದನ್ನು ಕಲಿಸುವ ಕೆಲಸ ನನ್ನ ಅಜ್ಜಿಯದು, ಅಪ್ಪನ ತಾಯಿಯದು. ಮಗುವಿನ ಗಲ್ಲ ಎತ್ತಿ ಹಿಡಿದು, ಹುರುಳಿ ಸಾರಿನಲ್ಲಿ ಅದ್ದಿದ ಕಡಲೆಕಾಳಿನಷ್ಟು ಮುದ್ದೆಯನ್ನು ನಾಲಿಗೆಯ ಮೇಲಿಟ್ಟು, ಬಾಯಿ ಮುಚ್ಚಿಸಿ, ಗಂಟಲ ಮೇಲೆ ಹೆಬ್ಬೆರಳು ಸವರುತ್ತಿದ್ದಳು. ಗುಳಕ್ಕೆಂದು ಇಳಿದರೆ ಆ ಮಗು ನಮ್ಮ ಮನೆಯದು. ನಾನು ಅಳದೆ ನುಂಗಿದೆನಂತೆ. ಅದನ್ನು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಅದರಲ್ಲಿ ಇದ್ದ ಜಂಬ ಶಾಲೆಯಲ್ಲಿ ಬರೆಯಲು ಕಲಿತಾಗಲೂ ಬರಲಿಲ್ಲ.

ನಮ್ಮದು ತೊಟ್ಟಿಮನೆ. ಮಳೆ ಬಂದರೆ ನಡುವಿನ ತೊಟ್ಟಿಗೆ ನೀರು ಬೀಳುತ್ತಿತ್ತು, ಬಿಸಿಲಾದರೆ ಅಲ್ಲೇ ಹುರುಳಿ ಒಣಗುತ್ತಿತ್ತು. ತೊಟ್ಟಿ ದಾಟಿದರೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಪಕ್ಕಕ್ಕೆ ಕೊಟ್ಟಿಗೆ. ಗಂಡಸರು ಉಂಡು ಎದ್ದ ಮೇಲೆ ನಡುಮನೆಯಲ್ಲಿ ಹೆಂಗಸರ ಸಾಲು. ಆ ಸಾಲಿನ ತಲೆಯಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ಅಜ್ಜಿ. ಬಿಸಿ ಮುದ್ದೆಯ ಮಂಕರಿ ಅವಳ ಮಂಡಿಯ ಪಕ್ಕದಲ್ಲೇ ಇರುತ್ತಿತ್ತು. ಯಾರಿಗೆ ಎಷ್ಟು, ಯಾರಿಗೆ ಮೊದಲು ಎನ್ನುವುದನ್ನು ಅವಳ ಬಲಗೈ ತೀರ್ಮಾನ ಮಾಡುತ್ತಿತ್ತು. ಆ ಕಂಬ ಅವಳ ಗದ್ದುಗೆ. ಅವಳು ಊರಿಗೆ ಹೋದ ದಿನವೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಆ ಸಾಲಿನ ತುದಿಯಲ್ಲಿ, ಕೊಟ್ಟಿಗೆ ಬಾಗಿಲಿನ ಗಾಳಿಗೆ, ನನ್ನ ಅವ್ವ ಕೂತು ಅಗಿಯುತ್ತಿದ್ದಳು.

ಅವ್ವನ ತವರು ಶಿವನಸಮುದ್ರ. ಅವಳ ಅಪ್ಪ ಅಲ್ಲಿ ಕರೆಂಟು ತೆಗೆಯುವ ಕಡೆ ಕೆಲಸಕ್ಕಿದ್ದರು. ಮನೆಯಲ್ಲಿ ಬಲ್ಬು ಉರಿಯುತ್ತಿತ್ತು, ಎರಡು ಹೊತ್ತೂ ಅನ್ನ ಬೇಯುತ್ತಿತ್ತು. ರಾಗಿ ಎಂದರೆ ಜ್ವರ ಬಂದಾಗ ಕುಡಿಯುವ ಗಂಜಿ ಎಂದಷ್ಟೇ ಗೊತ್ತಿದ್ದ ಹುಡುಗಿ ಮದುವೆಯಾಗಿ ಬಂದು, ಸಾಲಿನಲ್ಲಿ ಕೂತು, ಮುದ್ದೆ ಬಾಯಿಗಿಟ್ಟು ಅಗಿದಳು. ಮೇಲಿನ ದವಡೆಗೂ ಕೆಳಗಿನ ದವಡೆಗೂ ಅಂಟಿಕೊಂಡಿತು. ಬಾಯಿ ತೆರೆಯಲೂ ಆಗದೆ ಮುಚ್ಚಲೂ ಆಗದೆ ಕಣ್ಣಲ್ಲಿ ನೀರು ತಂದುಕೊಂಡಳು. ಅಜ್ಜಿ ಮಂಕರಿಯ ಮೇಲೆ ಕೈಯಿಟ್ಟು ಬಿದ್ದು ಬಿದ್ದು ನಕ್ಕಳಂತೆ. ಅವತ್ತೇ ಹೆಸರಿಟ್ಟಳು: ಅಗಿಯೋಳು. ಅವ್ವನಿಗೆ ಒಳ್ಳೆಯ ಹೆಸರಿತ್ತು, ಜಯಮ್ಮ ಅಂತ. ಅದು ತವರಿನಲ್ಲೇ ಉಳಿಯಿತು. ಅಗಿಯೋಳೆಲ್ಲಿ, ಅಗಿಯೋಳಿಗೆ ನೀರು ತರೋಕೇಳು, ಅಗಿಯೋಳ ಮಗಳು ಇದು, ಹೀಗೇ ನಾನು ಬೆಳೆದೆ.

ನನಗೆ ತಿಳಿವಳಿಕೆ ಬಂದ ಮೇಲೆ ಒಂದು ದಿನ ಅವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ನನ್ನ ಹತ್ತಿರ ಗುಟ್ಟು ಬಿಟ್ಟಳು. ಅವಳಿಗೆ ನುಂಗಲು ಬರುತ್ತಿತ್ತು. ಬಂದ ವರ್ಷವೇ, ಇದೇ ಕೊಟ್ಟಿಗೆಯಲ್ಲಿ, ಸೆರಗಿನಲ್ಲಿ ಮುದ್ದೆಯ ಚೂರು ಬಚ್ಚಿಟ್ಟುಕೊಂಡು ಬಂದು, ಎಮ್ಮೆಯ ಎದುರು ನಿಂತು ಕಲಿತಿದ್ದಳು. ಹುಟ್ಟಿದಾಗಿನಿಂದ ನುಂಗಿದವರಿಗೆ ತಾವು ಹೇಗೆ ನುಂಗುತ್ತೇವೆ ಎನ್ನುವುದೇ ಗೊತ್ತಿರುವುದಿಲ್ಲ. ಅವ್ವನಿಗೆ ಒಂದೊಂದೂ ಗೊತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಬೇಕು, ನಾಲಿಗೆ ದೊನ್ನೆಯ ಹಾಗೆ ಕುಳಿ ಬೀಳಬೇಕು, ಅದರ ತುದಿ ಮೇಲಂಗುಳಕ್ಕೆ ಒತ್ತಬೇಕು, ಕೆನ್ನೆ ಒಳಕ್ಕೆ ಅದುಮಬೇಕು, ಉಸಿರು ಒಂದು ಗಳಿಗೆ ನಿಲ್ಲಬೇಕು. ಇಷ್ಟೂ ಆದರೆ ಮುದ್ದೆ ಇಳಿಯುತ್ತದೆ, ಒಂದು ತಪ್ಪಿದರೂ ಇಲ್ಲ. ಹಾಗಾದರೆ ಸಾಲಿನಲ್ಲಿ ಯಾಕೆ ಅಗಿಯುತ್ತೀಯ ಎಂದು ಕೇಳಿದೆ. ಅವ್ವ ಸಗಣಿಯ ಕೈಯಲ್ಲೇ ನನ್ನ ಮೂಗು ಹಿಂಡಿದಳು.

"ಅವರು ಮೆಚ್ಚಲಿ ಅಂತ ಕಲಿತಿದ್ದಲ್ಲ. ಅವರು ನಕ್ಕರು ಅಂತ ಅಗಿಯೋದು ಬಿಡೋದೂ ಇಲ್ಲ."

ದಿನಾ ಎರಡು ಹೊತ್ತು, ಕಂಬದ ಕಡೆಯಿಂದ ಬೈಗುಳ, ಕೊಟ್ಟಿಗೆ ಬಾಗಿಲ ಕಡೆಯಿಂದ ಚಪ್ಪರಿಕೆ. ನಡುವೆ ಕೂತು ನಾನು ನುಂಗುತ್ತಿದ್ದೆ. ಇಬ್ಬರಲ್ಲಿ ಒಬ್ಬರು ಸೋಲಬೇಕು ಎಂದು ನನಗೆ ಆಸೆಯಿತ್ತು, ಯಾರು ಎನ್ನುವುದು ಮಾತ್ರ ದಿನಕ್ಕೊಂದು ತರ ಬದಲಾಗುತ್ತಿತ್ತು.

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಪರದಾಟ, ಬೆಳಕಿರುವಾಗಲೇ ಊಟ ಮುಗಿಸುತ್ತಿದ್ದೆವು. ಶ್ರಾವಣದ ಒಂದು ಬೆಳಿಗ್ಗೆ ಅಜ್ಜಿ ಕಂಬಕ್ಕೆ ಒರಗಿ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಅದು ಇಳಿಯಲಿಲ್ಲ. ಬಲಗೆನ್ನೆಯಲ್ಲಿ ಗಂಟಾಗಿ ನಿಂತಿತು. ಮಜ್ಜಿಗೆ ತುಟಿಯ ಬಲತುದಿಯಿಂದ ಸೋರಿ ಕುತ್ತಿಗೆಗೆ ಹರಿಯಿತು. ಒರೆಸಿಕೊಳ್ಳಲು ಕೈ ಎತ್ತಬೇಕಲ್ಲ, ಬಲಗೈ ತಟ್ಟೆಯಲ್ಲೇ ಬಿದ್ದಿತ್ತು. ಅವಳು ಆ ಕೈಯನ್ನು ನೋಡಿದ ರೀತಿ ನನಗೆ ಮರೆತಿಲ್ಲ. ಬೇರೆ ಯಾರೋ ತಮ್ಮ ಕೈಯನ್ನು ತಂದು ತನ್ನ ತಟ್ಟೆಯಲ್ಲಿಟ್ಟಿದ್ದಾರೆ ಎನ್ನುವಂಥ ಸಿಟ್ಟು ಅದು. ಬೈಯಲು ಬಾಯಿ ತೆರೆದಳು. ಬಾಯಿ ಎಡಕ್ಕೆ ಎಳೆಯಿತು, ಮಾತಿನ ಬದಲು ಬರಿಯ ಸದ್ದು ಬಂತು. ಮೊದಲು ಎದ್ದವಳು ಅವ್ವ. ಎಂಜಲು ಕೈಯಲ್ಲೇ ಓಡಿಬಂದು ಅಜ್ಜಿಯ ಕೆನ್ನೆಯೊಳಕ್ಕೆ ಬೆರಳು ಹಾಕಿ ಮುದ್ದೆ ತೆಗೆದಳು.

ಅಪ್ಪ ಗಾಡಿ ಕಟ್ಟಿ ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲಕ್ವ, ಮೈಯ ಬಲಭಾಗಕ್ಕೆ ಹೊಡೆದಿದೆ, ಬಾಯಿಯ ಒಂದು ಪಕ್ಕದ ಶಕ್ತಿ ಹೋಗಿದೆ, ಸ್ವಲ್ಪ ವಾಪಸು ಬರಬಹುದು, ತುತ್ತು ಅಡ್ಡದಾರಿ ಹಿಡಿಯದಂತೆ ಜೋಪಾನವಾಗಿ ಉಣಿಸಿ ಎಂದು ಡಾಕ್ಟರು ಹೇಳಿ ಕಳಿಸಿದರಂತೆ. ಅಪ್ಪನಿಗೆ ಅದರಲ್ಲಿ ನೆನಪಿನಲ್ಲಿ ಉಳಿದದ್ದು ಲಕ್ವ ಎನ್ನುವುದೊಂದೇ. ಸುದ್ದಿ ತಿಳಿದು ಹೊಳಲಿನಿಂದ ಅತ್ತೆ ಬಂದಳು. ಅತ್ತೆ ಎಂದರೆ ಅಪ್ಪನ ಅಕ್ಕ, ಅಜ್ಜಿಯ ಒಬ್ಬಳೇ ಮಗಳು. ಗಟ್ಟಿ ಹೆಂಗಸು. ಬರುವಾಗಲೇ ಪಾರಿವಾಳ ತಂದಿದ್ದಳು. ಲಕ್ವಕ್ಕೆ ಮದ್ದೆಂದು ಅದರ ರಕ್ತವನ್ನು ಅಜ್ಜಿಯ ಬಲಗೈಗೂ ಕೆನ್ನೆಗೂ ಬಳಿಸಿದಳು. ಆಮೇಲೆ ಮುದ್ದೆ ತರಿಸಿದಳು.

"ಇಟ್ಟು ನುಂಗಾಕೆ ದವಡೆ ಯಾಕ್ ಬೇಕು? ಗಂಟ್ಲಿದ್ರೆ ಸಾಕು ಕಣಮ್ಮ. ನಮ್ಮವ್ವ ಯಾವತ್ತಾದ್ರೂ ಅಗ್ದಿದ್ದುಂಟಾ?"

ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಎಲ್ಲರಿಗೂ ಸರಿ ಕಂಡಿತು. ಹಲ್ಲಿನ ಕೆಲಸವೇ ಇಲ್ಲದ ಊಟಕ್ಕೆ ಲಕ್ವ ಏನು ಮಾಡೀತು? ಮಲಗಿದ್ದ ಅಜ್ಜಿಯ ಬಾಯಿಗೆ ಉಂಡೆ ಹಾಕಿದರು. ಹಿಂದಕ್ಕೆ ತಳ್ಳಬೇಕಾದ ನಾಲಿಗೆ ಎಡಕ್ಕೆ ಎದ್ದು ಬಲಕ್ಕೆ ಬಿತ್ತು. ಉಂಡೆ ತಾನೇ ಜಾರಿ ಗಂಟಲಿಗೆ ಅಡ್ಡ ಕೂತಿತು. ಅಜ್ಜಿಯ ಮುಖ ಕಪ್ಪಿಟ್ಟಿತು. ಅವ್ವ ಅವಳನ್ನು ಎಬ್ಬಿಸಿ, ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಗುದ್ದಿ ಕೆಡವಿದಳು. ಅಜ್ಜಿಯ ಬೆನ್ನಿಗೆ ಗುದ್ದಿದ್ದಕ್ಕೆ ಅತ್ತೆ ಅವ್ವನನ್ನೇ ಬೈದಳು. ಮುದ್ದೆಯೇ ಇಳಿಯದ ಮೇಲೆ ಇನ್ನೇನು ಉಳಿಯಿತು ಎಂದು ಸೆರಗು ಬಾಯಿಗಿಟ್ಟು ಅತ್ತಳು. ಅಪ್ಪ ಹೋಗಿ ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಅಜ್ಜಿ ಹೊರಡುತ್ತಾಳೆ ಅಂತ.

ಹೊರಟವರ ಬಾಯಿಗೆ ಹಾಲು ಬಿಡುವುದು ನಮ್ಮಲ್ಲಿ ದೊಡ್ಡ ಋಣ. ಬಿಡದಿದ್ದರೆ ಬಂಧುವೇ ಅಲ್ಲ. ಮಕ್ಕಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನು ಅತ್ತೆ ಪೆಟ್ಟಿಗೆಯಿಂದ ತೆಗೆದು ತೊಳೆದಳು. ನಾನು ಹಾಲು ಕುಡಿದದ್ದೂ ಅದೇ ಒಳಲೆಯಲ್ಲಿ. ಮಾರನೆಯ ದಿನ ಬೆಳಕು ಹರಿದಾಗಿನಿಂದ ಜನ. ಗೌರವಸ್ಥರು, ಪ್ರೀತಿ ಇದ್ದವರು, ಅಜ್ಜಿಯಿಂದ ಬೈಸಿಕೊಂಡವರು, ಎಲ್ಲರೂ ಕಾಲು ತೊಳೆದು ಒಳಗೆ ಬಂದು, ಒಳಲೆ ಹಿಡಿದು, ಮಲಗಿದ್ದವಳ ಬಾಯಿಗೆ ಹಾಲು ಬಿಡುವುದು. ಬಿಟ್ಟೊಡನೆ ಅಜ್ಜಿಗೆ ಕೆಮ್ಮು. ಕಣ್ಣು ಮೇಲಕ್ಕೆ ಹೋಗಿ, ಎದೆಯೊಳಗೆ ಗೊರಗೊರ. ಆಗ ನಿಂತವರು ಹೋಯ್ತು ಹೋಯ್ತು ಎನ್ನುವುದು, ಜೀವ ಹೋಗುವ ಮುಂಚೆ ತನ್ನದೂ ಒಂದು ಇರಲಿ ಎಂದು ಹಿಂದಿದ್ದವರು ಮುಂದೆ ನುಗ್ಗಿ ಇನ್ನೊಂದು ಒಳಲೆ ಬಿಡುವುದು. ಇಷ್ಟು ಪ್ರೀತಿಯಿಂದ ಮನುಷ್ಯರನ್ನು ಕೊಲ್ಲುವುದನ್ನು ನಾನು ಮತ್ತೆ ನೋಡಿಲ್ಲ. ಅಜ್ಜಿಯ ಎಡಗಣ್ಣು ಒಬ್ಬೊಬ್ಬರನ್ನೂ ದುರುಗುಟ್ಟಿ ನೋಡುತ್ತಿತ್ತು. ಅದು ಹೊರಟವರ ಕಣ್ಣಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಹೇಳಿದರೆ ಕೇಳುವವರು ಯಾರು.

ಅವ್ವ ಗೋಡೆಗೆ ಆತು ನಿಂತು ಬೇರೇನೋ ನೋಡುತ್ತಿದ್ದಳು. ಜನ ಬರುವುದು ನಡುವೆ ಒಂದಿಷ್ಟು ಹೊತ್ತು ನಿಂತಿತ್ತು. ಯಾರೂ ಹಾಲು ಬಿಡದ ಆ ಹೊತ್ತಿನಲ್ಲಿ ಅಜ್ಜಿಯ ಗಂಟಲ ಗಂಟು ನಿಧಾನಕ್ಕೆ ಮೇಲೆದ್ದು ಕೆಳಗಿಳಿಯಿತು. ತನ್ನ ಎಂಜಲನ್ನು ತಾನೇ ನುಂಗಿಕೊಂಡಿದ್ದಳು, ಕೆಮ್ಮದೆ. ಅವ್ವ ನೆಟ್ಟಗಾದಳು. ಮುಂದಿನವರು ಒಳಲೆಗೆ ಕೈ ಹಾಕುವ ಮುಂಚೆ ತಾನೇ ತೆಗೆದುಕೊಂಡು, ಹಾಲನ್ನು ತೊಟ್ಟಿಗೆ ಚೆಲ್ಲಿ, ಒಳಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನು ಯಾರೂ ನಮ್ಮತ್ತೆ ಬಾಯಿಗೆ ಹಾಲು ಬಿಡೋ ಹಾಗಿಲ್ಲ. ನೀರಾಗಿರೋದನ್ನ ಆ ನಾಲಿಗೆ ತಡೆದು ಹಿಡಿಯಲ್ಲ, ಸೀದಾ ಉಸಿರಿಗೆ ಹೋಗ್ತಿದೆ. ಅವರು ಸಾಯ್ತಾ ಇಲ್ಲ. ನೀವು ಸಾಯಿಸ್ತಾ ಇದ್ದೀರಿ."

ಅತ್ತೆ ಎದ್ದು ನಿಂತಳು.

"ನಮ್ಮವ್ವನ ಬಾಯ್ಗೆ ನಾನ್ ಆಲು ಬುಡಬಾರ್ದಾ? ಅದ್ನ ಏಳಾಕೆ ನೀ ಯಾವಳೇ?"

"ಅಗಿಯೋಳು."

ಅವ್ವ ಆ ಹೆಸರನ್ನು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅತ್ತೆ ಶಾಪ ಹಾಕಿದಳು. ಒಣಬಾಯಲ್ಲಿ ಜೀವ ಹೋದರೆ ಆ ಪಾಪ ನಿನ್ನ ಮಕ್ಕಳ ಮಕ್ಕಳಿಗೂ ತಟ್ಟುತ್ತದೆ ಎಂದಳು. ತಟ್ಟಲಿ ಎಂದಳು ಅವ್ವ. ಅಪ್ಪನನ್ನು ಕರೆದು ನಿನ್ನ ಹೆಂಡತಿಗೆ ಹೇಳು ಎಂದಳು ಅತ್ತೆ. ಅಪ್ಪ ಇವಳ ಮುಖ ನೋಡಿದರು, ಅವಳ ಮುಖ ನೋಡಿದರು, ಎತ್ತುಗಳಿಗೆ ನೀರು ತೋರಿಸಬೇಕು ಎಂದು ಹೋದರು. ಅತ್ತೆ ಅವತ್ತೇ ಹೊಳಲಿಗೆ ಹೊರಟುಹೋದಳು. ಹೋಗುತ್ತ ಪ್ರತಿ ಜಗಲಿಯ ಮುಂದೆಯೂ ನಿಂತು ಹೇಳಿದಳು, ಸೊಸೆ ಅತ್ತೆಗೆ ಕೊನೆಯ ಹಾಲು ತಪ್ಪಿಸಿದಳು ಎಂದು. ಅಜ್ಜಿ ಸತ್ತಿದ್ದರೆ ನಮ್ಮ ಅವ್ವ ಆ ಊರಿನಲ್ಲಿ ಬಾವಿಗೆ ಕೊಡ ಇಳಿಸುವ ಹಾಗಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಳಲೆ ಕಿತ್ತುಕೊಂಡಿದ್ದಳು.

ಮೊದಲು ಅವ್ವ ಅಜ್ಜಿಯನ್ನು ಎಬ್ಬಿಸಿ ಕೂರಿಸಿದಳು. ಬೆನ್ನಿಗೆ ರಾಗಿಯ ಮೂಟೆ, ಬಲಪಕ್ಕೆಗೆ ನನ್ನ ಭುಜ. ಮುದ್ದೆಯನ್ನು ಮಸೆದ ಸೊಪ್ಪಿನ ಸಾರಿನಲ್ಲಿ ಕಿವುಚಿ, ಗಟ್ಟಿಯೂ ಅಲ್ಲದ ನೀರೂ ಅಲ್ಲದ ಹದಕ್ಕೆ ತಂದಳು. ಗಲ್ಲವನ್ನು ಎದೆಯ ಕಡೆಗೆ ಬಗ್ಗಿಸಿದಳು. ಅಜ್ಜಿ ನಮಗೆಲ್ಲ ಗಲ್ಲ ಮೇಲೆತ್ತಿ ಕಲಿಸಿದ್ದಳಲ್ಲ, ಇವಳು ಉಲ್ಟಾ. ಹುಣಿಸೆಬೀಜದಷ್ಟು ತೆಗೆದು ಎಡಗಡೆಯ ಹಲ್ಲುಗಳ ನಡುವೆ ಇಟ್ಟಳು.

"ಅಗೀರಿ ಅತ್ತೆಮ್ಮ."

ಅಜ್ಜಿ ಉಗಿದಳು. ಉಗಿಯಲೂ ಸರಿಯಾಗಿ ಬರದೆ ಅದು ಗಲ್ಲದ ಮೇಲೆ ಇಳಿಯಿತು. ಅವ್ವ ಒರೆಸಿ ಮತ್ತೆ ಇಟ್ಟಳು. ಅಜ್ಜಿ ಎಡಗೈಯಲ್ಲಿ ಬಟ್ಟಲನ್ನು ಹೊಡೆದು ಕೆಡವಿದಳು. ಅವ್ವ ಇನ್ನೊಂದು ಬಟ್ಟಲು ಕಿವುಚಿಕೊಂಡು ಬಂದಳು. ಹಸಿವಿನಿಂದ ಅಜ್ಜಿಯ ಕಣ್ಣು ಗುಳಿ ಬಿದ್ದಿತ್ತು, ಆದರೂ ಬಾಯಿ ಬಿಡಲೊಲ್ಲಳು. ಸಾಯುವುದಕ್ಕಿಂತ ಅವಳಿಗೆ ಅಗಿಯುವುದೇ ಹೆಚ್ಚಿನ ಅವಮಾನವಾಗಿತ್ತು. ಸೊಸೆಯನ್ನು ಇಷ್ಟು ಕಾಲ ಯಾವುದಕ್ಕೆ ಆಡಿಕೊಂಡಿದ್ದಳೋ ಅದನ್ನೇ ಸೊಸೆಯ ಕೈಯಿಂದ ತಾನು ಕಲಿಯಬೇಕು. ಅವ್ವ ಬಟ್ಟಲು ಕೆಳಗಿಟ್ಟಳು. ಅಜ್ಜಿಯನ್ನು ಯಾವತ್ತೂ ಬಹುವಚನ ಬಿಟ್ಟು ಮಾತಾಡಿಸದ ಶಿವನಸಮುದ್ರದ ಹುಡುಗಿ, ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು:

"ನುಂಗೋ ಕಾಲ ನಿಂದು ಮುಗೀತು. ಅಗಿದ್ರೆ ಬದುಕ್ತೀಯ, ಬದುಕಿದ್ರೆ ನನ್ನ ಬೈತೀಯ. ನಿಂಗೆ ಬೈಬೇಕು ಅಂತಿಲ್ವಾ? ಅಗಿ."

ನನ್ನ ಭುಜಕ್ಕೆ ಅಜ್ಜಿಯ ಮೈ ನಡುಗಿದ್ದು ಗೊತ್ತಾಯಿತು. ಸಿಟ್ಟಿಗೋ ಅಳುವಿಗೋ ತಿಳಿಯದು. ಬಾಯಿ ತೆರೆದಳು. ಎಡದವಡೆ ಒಮ್ಮೆ ಕೂಡಿತು, ನಿಂತಿತು, ಮತ್ತೆ ಕೂಡಿತು. ಗಂಟಲ ಗಂಟು ಎದ್ದು ಇಳಿಯಿತು. ಕೆಮ್ಮು ಬರಲಿಲ್ಲ. ಅವ್ವ ಏನೂ ಆಗದವಳಂತೆ ಇನ್ನೊಂದು ತುತ್ತು ತೆಗೆದಳು.

ಆಮೇಲಿನದು ಕೂಲಿಯ ಹಾಗೆ ದಿನದಿನದ ಕೆಲಸ. ಒಂದು ತುತ್ತಿಗೆ ಹಿಡಿಯುವ ಹೊತ್ತಿನಲ್ಲಿ ಬೇರೆ ಮನೆಯಲ್ಲಿ ಒಂದು ಊಟ ಮುಗಿಯುತ್ತಿತ್ತು. ಬಲಗೆನ್ನೆಗೆ ತಾನು ತುಂಬಿಕೊಂಡದ್ದೇ ತಿಳಿಯುತ್ತಿರಲಿಲ್ಲ. ಉಂಡ ಮೇಲೆ ಅವ್ವ ಬೆರಳಿಗೆ ಒದ್ದೆಬಟ್ಟೆ ಸುತ್ತಿ ಅಲ್ಲಿ ಉಳಿದದ್ದನ್ನು ಸವರಿ ತೆಗೆಯುತ್ತಿದ್ದಳು. ನೀರಿಗೆ ಬದಲು ಗಟ್ಟಿ ಅಂಬಲಿ, ಚಮಚದಲ್ಲಿ ಒಂದಿಷ್ಟು. ತುಟಿಗೆ ಬಲ ಬರಲೆಂದು ಒಲೆ ಊದುವ ಕೊಳವೆಯನ್ನು ಅಜ್ಜಿಯ ಬಾಯಿಗೆ ಕೊಟ್ಟು, ತುದಿಯಲ್ಲಿ ಬೂದಿ ಇಟ್ಟು ಊದಿಸುತ್ತಿದ್ದಳು. ಗಾಳಿಯೆಲ್ಲ ಬಲತುದಿಯಿಂದ ಪುಸ್ಸೆಂದು ಸೋರಿ ಬೂದಿ ಅಲ್ಲಾಡುತ್ತಿರಲಿಲ್ಲ. ನಾನು ಬೆರಳಿನಿಂದ ಆ ತುದಿ ಮುಚ್ಚಿ ಹಿಡಿಯುತ್ತಿದ್ದೆ, ಆಗ ಒಂದಿಷ್ಟು ಹಾರುತ್ತಿತ್ತು. ಊರವರು ಬಂದು ಬಾಗಿಲಲ್ಲಿ ನಿಂತು, ಮುದುಕಿಗೆ ಈ ಹಿಂಸೆ ಯಾಕೆ, ನೆಮ್ಮದಿಯಾಗಿ ಹೋಗಲು ಬಿಡಬಾರದೇ ಎನ್ನುತ್ತಿದ್ದರು. ಅವ್ವ ಅವರಿಗೆ ಮಣೆ ಹಾಕುತ್ತಿರಲಿಲ್ಲ. ಒಂದು ದಿನ ಕೆನ್ನೆ ಸವರಲು ಹಾಕಿದ ಬೆರಳನ್ನು ಅಜ್ಜಿ ಕಚ್ಚಿಬಿಟ್ಟಳು. ರಕ್ತ ಬಂತು. ಬೇಕೆಂದೇ ಕಚ್ಚಿದಳು, ಇವತ್ತಿಗೂ ನಾನು ಆಣೆ ಮಾಡುತ್ತೇನೆ. ಅವ್ವ ಬೆರಳು ಹಿಡಿದುಕೊಂಡು, ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ನಗಲು ಶುರುಮಾಡಿದಳು. ದವಡೆ ಬಂತು ಕಣೆ, ನಿಮ್ಮಜ್ಜಿಗೆ ದವಡೆ ಬಂತು ಎಂದು ನನ್ನನ್ನು ಹಿಡಿದು ಅಲ್ಲಾಡಿಸಿದಳು.

ಹೊಸ ರಾಗಿ ಮನೆಗೆ ಬಂದು ಅದರ ಮೊದಲ ಮುದ್ದೆ ಮಾಡುವ ದಿನ ಹೆಣ್ಣುಮಗಳನ್ನು ಕರೆಸುವುದು ನಮ್ಮ ಪದ್ಧತಿ. ಅಪ್ಪ ಹೋಗಿ ಕರೆದರು. ಅತ್ತೆ ಬಂದಳು. ಬಂದವಳು ಅವ್ವನ ಕಡೆ ನೋಡಲಿಲ್ಲ. ತಂಬಿಗೆಯಲ್ಲಿ ತನ್ನ ಮನೆಯ ಹಸುವಿನ ಹಾಲು ತಂದಿದ್ದಳು, ಅದನ್ನು ಎಲ್ಲರಿಗೂ ಕಾಣುವಂತೆ ಕಂಬದ ಪಕ್ಕ ಇಟ್ಟಳು. ಗಂಡಸರು ಉಂಡು ಎದ್ದರು. ಸಾಲು ಕೂತಿತು. ಶ್ರಾವಣದಿಂದ ಖಾಲಿ ಇದ್ದ ಕಂಬದ ಹತ್ತಿರಕ್ಕೆ ಅಜ್ಜಿ ನನ್ನ ಭುಜ ಹಿಡಿದು, ಕಾಲೆಳೆದುಕೊಂಡು ಬಂದು, ಬೆನ್ನು ಕೊಟ್ಟು ಕೂತಳು. ಮಂಕರಿಯನ್ನು ಎಡಗೈಯಲ್ಲಿ ಹತ್ತಿರಕ್ಕೆ ಎಳೆದುಕೊಂಡಳು. ಎಡಗೈಯಲ್ಲೇ ಮುದ್ದೆ ಹಂಚಿದಳು. ಎಲ್ಲರೂ ತಟ್ಟೆ ಚಾಚಿದರು. ಎಡಗೈಯಲ್ಲೇ ತನ್ನದನ್ನು ಮುರಿದು, ಸಾರಿಗೆ ಅದ್ದಿ, ಎಡದವಡೆಗೆ ಇಟ್ಟುಕೊಂಡು, ಗಲ್ಲ ತಗ್ಗಿಸಿ ಅಗಿದಳು. ಎಲ್ಲರ ಎದುರು, ಹೊತ್ತು ತೆಗೆದುಕೊಂಡು ಅಗಿದಳು. ಅತ್ತೆಗೆ ತಡೆಯಲಾಗಲಿಲ್ಲ. ಅಳುತ್ತ ತಂಬಿಗೆಗೆ ಕೈ ಹಾಕಿದಳು.

"ನಿಂಗೀ ಗತಿ ಬರಬೇಕಾಗಿತ್ತಾ ಅವ್ವ? ಬುಡು ಅದ್ನ. ಆಲು ಕುಡಿ."

ಅಜ್ಜಿ ಬಾಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿದಳು. ಮಾತು ಒಂದೊಂದಾಗಿ, ಸೊಟ್ಟ ಬಾಯಿಂದ, ಎಲ್ಲರಿಗೂ ತಿಳಿಯುವ ಹಾಗೆ ಬಂತು.

"ಬದುಕಿವ್ನಿ ಕಣೆ. ಉಣ್ಣು."

ಅತ್ತೆ ತಂಬಿಗೆ ಬಿಟ್ಟಳು. ಸಾಲಿನವರು ತಟ್ಟೆಗೆ ತಲೆ ಬಗ್ಗಿಸಿದರು. ಅಜ್ಜಿಯ ಎಡಗಣ್ಣು ಆ ಸಾಲನ್ನೆಲ್ಲ ದಾಟಿ, ಕೊಟ್ಟಿಗೆ ಬಾಗಿಲ ಹತ್ತಿರ ಅಗಿಯುತ್ತಿದ್ದ ಅವ್ವನ ಮೇಲೆ ನಿಂತಿತು.

"ನಿಂಗ್ ನುಂಗಾಕೆ ಬತ್ತದೆ. ಕೊಟ್ಟಿಗೇಲಿ ನೋಡಿದ್ದೆ. ಎಮ್ಮೆ ಮುಂದೆ."

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. ತನ್ನ ಮತ್ತು ನನ್ನ ಹತ್ತಿರ ಮಾತ್ರ ಇದೆ ಎಂದುಕೊಂಡಿದ್ದ ಗುಟ್ಟು ಅಜ್ಜಿಯ ಹತ್ತಿರ ಮೊದಲಿನಿಂದಲೂ ಇತ್ತು. ಗೊತ್ತಿದ್ದೂ ಅಜ್ಜಿ ಆಡಿಕೊಂಡಿದ್ದಳು, ಬರುತ್ತಿದ್ದೂ ಅವ್ವ ಅಗಿದಿದ್ದಳು.

"ಮತ್ಯಾಕ್ ಅಗೀತಿದ್ದೆ?"

"ನಿಮ್ಮನ್ನ ಉರಿಸೋಕೆ."

ಅಜ್ಜಿ ನಕ್ಕಳು. ಅರ್ಧ ಬಾಯಿ ಮಾತ್ರ ನಕ್ಕಿತು, ಇನ್ನರ್ಧದಿಂದ ಸಾರು ಸೋರಿತು. ಒರೆಸಲು ನಾನು ಕೈ ಚಾಚಿದರೆ ತಳ್ಳಿದಳು. ತನ್ನ ಪಕ್ಕದ ನೆಲವನ್ನು ಎಡಗೈಯಿಂದ ತಟ್ಟಿದಳು. ಅವ್ವ ತಟ್ಟೆ ಎತ್ತಿಕೊಂಡು ಸಾಲಿನ ತುದಿಯಿಂದ ಎದ್ದು ಬಂದು ಕಂಬದ ಬಳಿ ಕೂತಳು. ಇಬ್ಬರೂ ಒಬ್ಬರ ಪಕ್ಕ ಒಬ್ಬರು ಅಗಿದರು.

ಅಜ್ಜಿ ಆಮೇಲೂ ಬಹಳ ಕಾಲ ಇದ್ದಳು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಶಾಲೆಯಲ್ಲಿ ಹಂಚಿದ ಬೂಂದಿಯನ್ನು ತಂದುಕೊಟ್ಟಾಗ ಒಂದೊಂದೇ ಕಾಳನ್ನು ಎಡದವಡೆಗೆ ಹಾಕಿಕೊಂಡು ಅಗಿದು, ಸಕ್ಕರೆ ಸಾಲದು ಎಂದು ಬೈದಳು. ಅವ್ವನನ್ನಂತೂ ಬೈಯದ ದಿನವಿಲ್ಲ. ಅಗಿಯೋಳೆಲ್ಲಿ ಎಂದೇ ಕರೆಯುತ್ತಿದ್ದಳು, ಅವ್ವ ಬಂದೆ ಎನ್ನುತ್ತಿದ್ದಳು. ನನಗೂ ಈಗ ಅಜ್ಜಿಯ ವಯಸ್ಸು. ಮದ್ದೂರಿನ ಕಡೆ ಯಾರದಾದರೂ ಮನೆಯ ಊಟಕ್ಕೆ ಕೂತರೆ, ನಾನು ಮುದ್ದೆ ಅಗಿಯುವುದನ್ನು ಕಂಡು ಎದುರು ಸಾಲಿನ ಹುಡುಗಿಯರು ಮೊಣಕೈಯಲ್ಲಿ ತಿವಿದುಕೊಳ್ಳುತ್ತಾರೆ, ಬೆಂಗಳೂರಿನವರಿರಬೇಕು ಎಂದು ಪಿಸುಗುಟ್ಟುತ್ತಾರೆ. ನಗಲಿ. ನನಗೆ ನುಂಗಲು ಬರುತ್ತದೆ.